ಪ್ರೋಗ್ರಾಂನಲ್ಲಿ ಲಾಗಿನ್ ಆದವರ ಹೆಸರು ಬೇಕಾದರೆ

ಸಿದ್ದಾಪುರದ ಹತ್ತಿರ ಕಾಫಿ ಕೊಳ್ಳುವ ಒಂದು ಗೋದಾಮಿಗೆ ತೂಕದ ಚೀಟಿ ಪ್ರಿಂಟ್ ಮಾಡುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. 50 ಕಿಲೋ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆ ತೂಗಿದವರು ಯಾರು ಅಂತ ಚೀಟಿಯ ಕೆಳಗೆ ಬರಬೇಕು, ಅಲ್ವಾ? ಪೈಥಾನ್‌ನ ಗೆಟ್‌ಪಾಸ್ ಮಾಡ್ಯೂಲಿನಲ್ಲಿರುವ ಗೆಟ್‌ಯೂಸರ್ ಫಂಕ್ಷನ್ ಬಳಸಿದೆ. ತಪ್ಪಿದ್ದು ಅಲ್ಲೇ.

ಅದು ಮೊದಲು ನೋಡುವುದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು, ಅಂದರೆ ಪ್ರೋಗ್ರಾಂ ಓದಲೆಂದು ಹೊರಗಿನಿಂದ ಹೆಸರಿಟ್ಟು ಕೊಡುವ ಮಾಹಿತಿಯನ್ನು. ಲಾಗ್‌ನೇಮ್, ಯೂಸರ್, ಎಲ್‌ನೇಮ್, ಯೂಸರ್‌ನೇಮ್, ಇದೇ ಕ್ರಮದಲ್ಲಿ. ಇವನ್ನು ಯಾರು ಬೇಕಾದರೂ ಬದಲಾಯಿಸಬಹುದು. ನೀವೇ ನೋಡಿ: ಕಮಾಂಡ್ ಪ್ರಾಂಪ್ಟ್ ತೆರೆದು, ಸೆಟ್ ಕಮಾಂಡಿನಿಂದ ಯೂಸರ್‌ನೇಮ್‌ಗೆ ಸುಮ್ನೆ ಬೇರೆ ಹೆಸರು ಕೊಡಿ. ಅದೇ ಕಿಟಕಿಯಿಂದ ಪ್ರೋಗ್ರಾಂ ಓಡಿಸಿ. ಚೀಟಿಯಲ್ಲಿ ಆ ಹೆಸರೇ ಬರುತ್ತದೆ! ರೈತರ ಕೈಗೆ ಹೋಗುವ ಕಾಗದ ಅದು, ಹೀಗಾಗಬಾರದು.

ವಿಂಡೋಸ್‌ನಲ್ಲಿ ಓಎಸ್ ಮಾಡ್ಯೂಲಿನ ಗೆಟ್‌ಲಾಗಿನ್ ಬಳಸಿ. ಅದು ಸಿಸ್ಟಮ್ಮನ್ನೇ ಕೇಳಿ ಹೆಸರು ತರುತ್ತದೆ. ಸಿ ಶಾರ್ಪ್‌ನವರಿಗೆ ಎನ್ವಿರಾನ್‌ಮೆಂಟ್ ಕ್ಲಾಸಿನ ಯೂಸರ್‌ನೇಮ್ ಸಾಕು. ಡೊಮೇನ್ (ಕಂಪ್ಯೂಟರಿನ ಅಥವಾ ನೆಟ್‌ವರ್ಕಿನ ಹೆಸರು) ಸಮೇತ ಬೇಕಿದ್ದರೆ ವಿಂಡೋಸ್ ಐಡೆಂಟಿಟಿ ಕ್ಲಾಸ್.

ಒಂದು ಮಾತು ಮರೆಯಬೇಡಿ. ಸಿಗುವುದು ಪ್ರೋಗ್ರಾಂ ಯಾವ ಖಾತೆಯಲ್ಲಿ ಓಡುತ್ತಿದೆಯೋ ಆ ಖಾತೆಯ ಹೆಸರು, ಕುರ್ಚಿಯಲ್ಲಿ ಕೂತವರದ್ದಲ್ಲ. ಗುಮಾಸ್ತರ ಲಾಗಿನ್‌ನಲ್ಲಿದ್ದು, ಮಾಲೀಕರ ಅಡ್ಮಿನ್ ಪಾಸ್‌ವರ್ಡ್ ಹಾಕಿ ತೆರೆದರೆ ಮಾಲೀಕರ ಹೆಸರೇ ಬರುತ್ತದೆ. ಹಾಗೆಯೇ ಕಂಟ್ರೋಲ್ ಪ್ಯಾನಲ್‌ನಲ್ಲಿ ಖಾತೆಯ ಹೆಸರು ಬದಲಿಸಿದರೂ ಒಳಗಿನ ಯೂಸರ್‌ನೇಮ್ ಹಳೆಯದೇ ಉಳಿಯುತ್ತದೆ.

ಕೊಯ್ಲಿನ ಗಡಿಬಿಡಿಯಲ್ಲಿ ಎಲ್ಲರೂ ಒಂದೇ ಲಾಗಿನ್ ಬಳಸುವ ಕಡೆ ಇದ್ಯಾವುದೂ ಕೆಲಸಕ್ಕೆ ಬಾರದು. ಡಿಸೆಂಬರ್ ಬರುವ ಮೊದಲೇ ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡಿಕೊಡಿ.