ಪಿಕ್, ಪಿಕ್ಡ್, ಪಿಕ್ಕಿಂಗ್: ತೋಟದ ರಿಪೋರ್ಟ್ ಬರೀತಾ ನಾನು ಇಂಗ್ಲಿಷ್ ಕ್ರಿಯಾಪದ ಕಲ್ತಿದ್ದು

ನಾನು ಚಿಕ್ಕಮಗಳೂರು ಜಿಲ್ಲೆ ಆಲ್ದೂರಿನ ಹತ್ರ ಒಂದು ಕಾಫಿ ತೋಟದಲ್ಲಿ ರೈಟರು, ಅಂದ್ರೆ ಲೆಕ್ಕ ಬರೆಯೋ ಕೆಲಸ. ಓದಿದ್ದು ಪಿಯುಸಿ, ಅದೂ ಪೂರ್ತಿ ಕನ್ನಡ ಮೀಡಿಯಂ. ಸಾವ್ಕಾರ್ರು ತೋಟ ನೋಡ್ಕೊಳ್ತಿದ್ದಾಗ ಆಳು ಲೆಕ್ಕ, ಮೂಟೆ ಲೆಕ್ಕ ಎಲ್ಲಾ ಕನ್ನಡದಲ್ಲೇ ನಡೀತಿತ್ತು, ಆಮೇಲೆ ಅವರ ಮಗಳು ಬೆಂಗಳೂರಿಂದಾನೇ ನೋಡ್ಕೊಳೋಕೆ ಶುರು ಮಾಡಿದ್ರು, ದಿನಾ ಸಾಯಂಕಾಲ ವಾಟ್ಸಾಪಲ್ಲಿ ಇಂಗ್ಲಿಷ್ ರಿಪೋರ್ಟ್ ಹಾಕಿ ಅಂದ್ರು.

ಮೊದಲ ಸುಗ್ಗೀಲೇ ಎಡವಟ್ಟಾಯ್ತು. ಜನವರಿ, ಕಣದ ತುಂಬಾ ಚೆರ್ರಿ (ಕಾಫಿ ಹಣ್ಣು) ಹರವಿದೆ, ಮೇಲೆ ಮೋಡ. 'ಮಳೆ ಬಂದ್ರೆ ಟಾರ್ಪಾಲ್ ಹೊದಿಸ್ತೀವಿ' ಅಂತ ಹೇಳ್ಬೇಕಿತ್ತು. ಬಂದ್ರೆ ಅನ್ನೋದ್ರಲ್ಲಿ 'ಬಂದ' ಇದೆಯಲ್ಲ, ಹಾಗಾದ್ರೆ ಪಾಸ್ಟ್ ಟೆನ್ಸೇ ಅಂತ ಲೆಕ್ಕ ಹಾಕಿ 'ಇಫ್ ರೈನ್ಡ್, ಕವರ್ಡ್' ಅಂತ ಕಳಿಸ್ದೆ. ಮೇಡಂ ಕಣ್ಣಿಗೆ ರೈನ್ಡ್, ಕವರ್ಡ್ ಅನ್ನೋದು ಮಾತ್ರ ಬಿತ್ತು. ರಾತ್ರಿ ಹತ್ತು ಗಂಟೆಗೆ ಫೋನು, "ಏನ್ರೀ, ಎಷ್ಟು ಮೂಟೆ ನೆಂದಿದೆ?" ಇಲ್ಲಿ ಒಂದು ಹನಿಯೂ ಬಿದ್ದಿರ್ಲಿಲ್ಲ.

ಮಾರನೇ ಭಾನುವಾರ ಚಿಕ್ಕಮಗಳೂರಿಗೆ ಹೋಗಿ ಗ್ರಾಮರ್ ಪುಸ್ತಕ ತಂದೆ. ಹನ್ನೆರಡು ಟೆನ್ಸಿನ ದೊಡ್ಡ ಪಟ್ಟಿ, ಎರಡು ಪುಟ ಉರು ಹೊಡೆಯೋಷ್ಟರಲ್ಲಿ ನಿದ್ದೆ. ಆಮೇಲೆ ಪಟ್ಟಿ ಬಿಟ್ಟು ಪಿಕ್ ಅನ್ನೋ ಒಂದೇ ಪದ ಇಟ್ಕೊಂಡೆ, ಹೇಗೂ ದಿನಾ ಹಣ್ಣು ಕೊಯ್ಯೋದೇ ಅಲ್ವಾ. ಆಗ ಗೊತ್ತಾಗಿದ್ದು, ಆ ಪದಕ್ಕೆ ಇರೋದು ನಾಲ್ಕೇ ರೂಪ: ಪಿಕ್, ಪಿಕ್ಸ್, ಪಿಕ್ಡ್, ಪಿಕ್ಕಿಂಗ್. ನಮ್ಮಲ್ಲಿ ಕೊಯ್ದೆ, ಕೊಯ್ದ, ಕೊಯ್ದ್ಲು, ಕೊಯ್ದ್ವಿ, ಕೊಯ್ದ್ರು ಅಂತ ಆಳು ನೋಡಿ ಬಾಲ ಬದಲಾಗತ್ತೆ, ಅವರಲ್ಲಿ ಎಲ್ಲಾರ್ಗೂ ಪಿಕ್ಡ್. ಉಳಿದಿದ್ದೆಲ್ಲಾ ಮುಂದೆ ನಿಲ್ಲೋ ವಿಲ್, ಹ್ಯಾವ್, ಡಿಡ್, ವುಡ್ ಇವುಗಳ ಕೆಲಸ.

ನನ್ನ ಅದೃಷ್ಟ, ತೋಟದ ಕೆಲಸದ ಪದಗಳು ಬಹುತೇಕ ರೆಗ್ಯುಲರ್. ಹಣ್ಣು ಕೊಯ್ಯೋದು, ಪಲ್ಪ್ ಮಾಡೋದು (ಹಣ್ಣಿನ ಸಿಪ್ಪೆ ಬಿಡಿಸೋದು), ತೊಳೆಯೋದು, ಒಣಗಿಸೋದು, ತೂಗೋದು, ಲೋಡ್ ಮಾಡೋದು, ಗಿಡ ಕಸಿ (ರೆಂಬೆ ಸವರೋದು), ಔಷಧಿ ಹೊಡೆಯೋದು, ಯಾವುದಕ್ಕಾದ್ರೂ ಕೊನೇಲಿ ಇ, ಡಿ ಅನ್ನೋ ಎರಡು ಅಕ್ಷರ ಹಚ್ಚಿದ್ರೆ ಆಯ್ತು. ಆದ್ರೆ ಬಾಯಲ್ಲಿ ಅದು ಮೂರು ಥರ. ಗಂಟಲ ಮೇಲೆ ಕೈ ಇಟ್ಕೊಂಡು ಪದದ ಕೊನೇ ಸದ್ದು ಹೇಳಿ ನೋಡಿ, ಅದುರದೇ ಇದ್ರೆ ಟ್ ಆಗತ್ತೆ, ಪಿಕ್ಟ್, ಪಲ್ಪ್ಟ್, ವಾಶ್ಟ್, ಅದುರಿದ್ರೆ ಡ್, ಪ್ರೂನ್ಡ್, ಸ್ಪ್ರೇಡ್, ಮತ್ತೆ ಟಿ ಡಿ ಸದ್ದಲ್ಲಿ ಮುಗಿಯೋದಕ್ಕೆ ಮಾತ್ರ ಇಡ್, ಪ್ಲಾಂಟಿಡ್, ಲೋಡಿಡ್. ನಾನು ವರ್ಷಗಟ್ಟಲೆ ಪಿಕ್ಕೆಡ್, ವಾಶೆಡ್ ಅಂತಿದ್ದೆ. ಬರೆಯೋದ್ರಲ್ಲಿ ಡ್ರೈ ಕಾಟ ಕೊಡ್ತು: ವೈ ಹಿಂದೆ ವ್ಯಂಜನ ಇರೋದ್ರಿಂದ ಡ್ರೈಡ್ ಬರೀವಾಗ ವೈ ಹೋಗಿ ಐ ಬರತ್ತೆ, ಸ್ಪ್ರೇಲಿ ವೈ ಹಿಂದೆ ಎ ಇದೆ, ಅದಕ್ಕೆ ಅಲ್ಲಿ ವೈ ಹಾಗೇ. ಪಲ್ಪರ್ (ಪಲ್ಪ್ ಮಾಡೋ ಮಿಷನ್) ಸ್ಟಾಪ್ಡ್ ಅಂತ ಬರೀವಾಗ ಎರಡು ಪಿ.

'ಡಿಡ್ ನಾಟ್ ಪಿಕ್ಡ್' ಅನ್ನೋ ತಪ್ಪನ್ನ ಕನ್ನಡವೇ ಬಿಡಿಸ್ತು. ಕೊಯ್ಯಲಿಲ್ಲ ಅಂತೀವಿ, ಕೊಯ್ದಲಿಲ್ಲ ಅನ್ನಲ್ಲ. ನಾನು ಕೊಯ್ಯಲಿಲ್ಲ, ಅವಳು ಕೊಯ್ಯಲಿಲ್ಲ, ಎಲ್ಲಾ ಒಂದೇ. ಡಿಡ್ ನಾಟ್ ಪಿಕ್ ಕೂಡ ಹಾಗೇ!

ಕಷ್ಟ ಇರೋದು ನಮ್ಮ ಒಂದು ರೂಪ ಅಲ್ಲಿ ಎರಡಾಗೋ ಕಡೆ. ಕೊಯ್ತೀವಿ ಅಂದ್ರೆ 'ದಿನಾ' ಇದ್ರೆ ವಿ ಪಿಕ್, 'ನಾಳೆ' ಇದ್ರೆ ವಿ ವಿಲ್ ಪಿಕ್. 'ನಿನ್ನೆ ಕೊಯ್ದಿದೀವಿ' ಅನ್ನೋದು ನಮಗೆ ಸರಿ, ಆದ್ರೆ ಅಲ್ಲಿ ಯೆಸ್ಟರ್ಡೇ ಬಂದ್ರೆ ಹ್ಯಾವ್ ಎದ್ದು ಹೋಗ್ಬೇಕು. 'ಮೂರು ದಿನದಿಂದ ಒಣಗಿಸ್ತಾ ಇದೀವಿ' ಅನ್ನೋಕೆ ವಿ ಆರ್ ಡ್ರೈಯಿಂಗ್ ಅಂತ ಎಷ್ಟು ಸಲ ಬರೆದಿದೀನೋ, ವಿ ಹ್ಯಾವ್ ಬೀನ್ ಡ್ರೈಯಿಂಗ್ ಅನ್ಬೇಕಂತೆ. ಮಳೆ ವಿಷ್ಯ ಈಗ ಮರೆಯಲ್ಲ: ಬಂದ್ರೆ ಹೊದಿಸ್ತೀವಿ ಅಂದ್ರೆ ಇಫ್ ಇಟ್ ರೈನ್ಸ್, ವಿ ವಿಲ್ ಕವರ್. ಬಂದಿದ್ರೆ ಹೊದಿಸಿರ್ತಿದ್ವಿ ಅಂದ್ರೆ ಇಫ್ ಇಟ್ ಹ್ಯಾಡ್ ರೈನ್ಡ್, ವಿ ವುಡ್ ಹ್ಯಾವ್ ಕವರ್ಡ್. ಈ ಎರಡನೇದ್ರಲ್ಲಿ ಮಳೆ ಬಂದಿಲ್ಲ ಅಂತ ಒಳಗೇ ಇದೆ, ಯಾರೂ ರಾತ್ರಿ ಫೋನ್ ಮಾಡಲ್ಲ.

ಒಂದ್ಸಲ ಮೇಡಂ ಮೆಕ್ಯಾನಿಕ್ ಬಗ್ಗೆ 'ಐ ಸಜೆಸ್ಟ್ ಹಿ ಚೆಕ್ ದ ಪಲ್ಪರ್' ಅಂತ ಹಾಕಿದ್ರು. ಹಿ ಇದ್ಮೇಲೆ ಚೆಕ್ಸ್ ಆಗ್ಬೇಕಲ್ವಾ, ಮೇಡಂ ತಪ್ಪು ಸಿಕ್ತು ಅಂತ ಒಳಗೊಳಗೇ ಖುಷಿ ನಂಗೆ. ನನ್ನ ಮಗನ ಟ್ಯೂಷನ್ ಮೇಷ್ಟ್ರು, "ಅದೇ ಸರಿ ಕಣ್ರೀ, ಅವನು ನೋಡಲಿ ಅಂತೀವಲ್ಲ, ಆ ಥರದ್ದು, ಅಲ್ಲಿ ಎಸ್ ಬರಲ್ಲ" ಅಂದ್ರು. ಬಾಯಿ ಮುಚ್ಕೊಂಡು ಬಂದೆ.

ಎಸ್ ಮಾತ್ರ ಇವತ್ತಿಗೂ ಕೈ ಕೊಡತ್ತೆ. ಮೊನ್ನೆ 'ದ ಪಲ್ಪರ್ ಲೀಕ್ ಡೈಲಿ' ಅಂತ ಹಾಕಿದ್ದೆ. ಮೇಡಂ ವಾಪಸ್ ಒಂದೇ ಅಕ್ಷರ ಕಳಿಸಿದ್ರು, 'ಎಸ್?' ಅಂತ. ನಾನು ಹೌದಾ ಅಂತ ಕೇಳ್ತಿದಾರೆ ಅಂದ್ಕೊಂಡು 'ಎಸ್ ಮೇಡಂ, ಲೀಕ್' ಅಂತ ಹಾಕ್ದೆ.