ಮಕ್ಕಳ ಮನಸ್ಸಿನ ತೊಂದರೆ: ಅಪ್ಪ-ಅಮ್ಮಂದಿರು ಸೇರುವುದಾದರೆ

ಮಗುವಿಗೆ ಆತಂಕ, ಖಿನ್ನತೆ, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂಥದ್ದು ಉಂಟಾದರೆ ಡಾಕ್ಟರ ಜೊತೆಗೆ ಅದೇ ದಾರಿಯಲ್ಲಿರುವ ಇನ್ನೊಬ್ಬ ಹೆತ್ತವರ ಮಾತೂ ಬೇಕಾಗ್ತದೆ. ದೊಡ್ಡ ಸಂಘ ಬೇಡ ಮಾರಾಯ್ರೆ, ನಾಲ್ಕೈದು ಮನೆಯವರು ಸಾಕು. ಮಂಗಳೂರಿನ ಕದ್ರಿ ಪಾರ್ಕಿನಂಥ ಕಡೆ ಕೂತರೂ ಆಯಿತು. ಮನೆಯಲ್ಲಾದರೆ ಬನ್ಸ್, ಚಹಾದ ಗಡಿಬಿಡಿಯಲ್ಲೇ ಹೊತ್ತು ಹೋಗ್ತದೆ.

ಒಂದು ವಿಷಯದಲ್ಲಿ ಬಿಗಿಯಾಗಿರಿ: ಮಾತ್ರೆಯ ಹೆಸರು, ಡೋಸ್ ಹಂಚಿಕೊಳ್ಳುವುದು ಬೇಡ. "ನಮ್ಮವನಿಗೆ ಇದರಲ್ಲಿ ಗುಣ ಆಯ್ತು" ಅಂತ ಕೇಳಿ ಇನ್ನೊಬ್ಬರು ಮದ್ದು ಬದಲಿಸುವುದು, ಏಕಾಏಕಿ ನಿಲ್ಲಿಸುವುದು ಅಪಾಯ. ಹಂಚಿಕೊಳ್ಳಬೇಕಾದ್ದು ಬೇರೆ. ಟೀಚರಿಗೆ ಹೇಗೆ ವಿವರಿಸಿದಿರಿ, ಮದುವೆ ಹಾಲಿನಲ್ಲಿ ನೆಂಟರು "ಇವನಿಗೆ ಎಂತ ಆಗಿದೆ?" ಅಂದಾಗ ಏನು ಹೇಳಿದಿರಿ, ಪರೀಕ್ಷೆ ಹೊತ್ತಿಗೆ ನಿದ್ದೆ ಹೇಗೆ ಸರಿಮಾಡಿದಿರಿ, ಅದು. ಮಗುವಿನ ಫೋಟೊ, ರಿಪೋರ್ಟು ವಾಟ್ಸಾಪಿಗೆ ಹಾಕಬೇಡಿ. ಅಪ್ಪಂದಿರನ್ನೂ ಎಳೆದು ತನ್ನಿ. ಮೊದಲ ಸಲ ಮೊಬೈಲ್ ನೋಡಿಕೊಂಡು ಕೂತರೂ ಪರವಾಗಿಲ್ಲ.

ಮಗು ಸಾಯುವ ಮಾತಾಡಿದರೆ ಮಾತ್ರ ಮುಂದಿನ ಭೇಟಿಗೆ ಕಾಯಬೇಡಿ. ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೆತ್ತವರು ತಮ್ಮ ಸಂಕಟಕ್ಕೂ ಅಲ್ಲಿಗೆ ಫೋನ್ ಮಾಡಬಹುದು.