ಎರಡು ವಿಮಾನಗಳ ನಡುವೆ ನಂದಿ ಗ್ರಾಮ

ಮಂಗಳೂರಿನಿಂದ ಉತ್ತರ ಭಾರತದ ಊರುಗಳಿಗೆ ಕೆಲಸದ ಮೇಲೆ ಹೋಗುವ ನನ್ನಂಥವರಿಗೆ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ವಿಮಾನ ಬದಲಿಸುವುದು ಮಾಮೂಲಿ. ಕಡಿಮೆ ದರದ ಟಿಕೆಟ್ಟು ಹುಡುಕಿದರೆ ನಡುವಿನ ಬಿಡುವು ಆರೇಳು ಗಂಟೆಗೂ ಹಿಗ್ಗುತ್ತದೆ. ಆ ಹೊತ್ತನ್ನು ಹೆಚ್ಚಿನವರು ಕುರ್ಚಿಯಲ್ಲೇ ಕಳೆಯುತ್ತಾರೆ, ಇಲ್ಲವೇ ಬೆಂಗಳೂರು ನಗರದತ್ತ ಹೊರಡುತ್ತಾರೆ. ನಾನು ಉತ್ತರಕ್ಕೆ, ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತೇನೆ. ನಿಲ್ದಾಣದಿಂದ ಹೆಬ್ಬಾಳಕ್ಕೆ ಎಷ್ಟು ದೂರವೋ ನಂದಿ ಗ್ರಾಮಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೆ ಹೆಬ್ಬಾಳದ ಮೇಲ್ಸೇತುವೆಯ ಬಳಿ ಎಷ್ಟು ಹೊತ್ತು ನಿಲ್ಲಬೇಕಾದೀತೆಂದು ಯಾರೂ ಖಚಿತವಾಗಿ ಹೇಳಲಾರರು. 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೋಗುವಾಗ, ವಾರದ ದಿನಗಳಲ್ಲಾದರೆ, ಮುಕ್ಕಾಲು ಗಂಟೆ ಎಂದುಕೊಂಡದ್ದು ಬಹುಮಟ್ಟಿಗೆ ಮುಕ್ಕಾಲು ಗಂಟೆಯಲ್ಲೇ ಮುಗಿಯುತ್ತದೆ.

ಲೆಕ್ಕವನ್ನು ನಾನು ಯಾವಾಗಲೂ ಎರಡನೆಯ ವಿಮಾನದಿಂದ ಹಿಂದಕ್ಕೆ ಹಾಕುತ್ತೇನೆ. ಈ ಸಲ ಮೊದಲ ವಿಮಾನ ಬೆಳಿಗ್ಗೆ ಎಂಟೂವರೆಗೆ ಇಳಿಯುವುದಿತ್ತು, ಮುಂದಿನದು ಮಧ್ಯಾಹ್ನ ಮೂರೂವರೆಗೆ ಹೊರಡುವುದಿತ್ತು. ಎರಡು ಗಂಟೆ ಮೊದಲು, ಎಂದರೆ ಒಂದೂವರೆಗೆ, ನಿರ್ಗಮನ ದ್ವಾರದಲ್ಲಿರಬೇಕು. ಮುಕ್ಕಾಲು ಗಂಟೆಯ ದಾರಿಗೆ ಅರ್ಧ ಗಂಟೆ ಹೆಚ್ಚು ಸೇರಿಸಿದರೆ ನಂದಿಯಿಂದ ಹನ್ನೆರಡೂಕಾಲಕ್ಕೆ ಹೊರಡಬೇಕು. ಇಳಿದು ಹೊರಗೆ ಬರುವುದಕ್ಕೆ, ತಲುಪುವುದಕ್ಕೆ ಬೇಕಾದ ಹೊತ್ತನ್ನೂ ಕಳೆದರೆ ಏಳು ಗಂಟೆಯ ಬಿಡುವಿನಲ್ಲಿ ನನಗೆ ನಿಜವಾಗಿ ದಕ್ಕುವುದು ಎರಡೂವರೆ ಗಂಟೆಗೂ ತುಸು ಕಡಿಮೆ. ಈ ಅಂಕಿಯನ್ನು ಮೊದಲೇ ಒಪ್ಪಿಕೊಂಡವರಿಗೆ ಒಂದೇ ಜಾಗವನ್ನು ಆರಿಸಿಕೊಂಡು ಅದನ್ನು ನೆಮ್ಮದಿಯಿಂದ ನೋಡುವುದು ಸುಲಭವಾಗುತ್ತದೆ.

ಎರಡೂ ಪ್ರಯಾಣಗಳು ಒಂದೇ ಟಿಕೆಟ್ಟಿನಲ್ಲಿದ್ದು, ದೊಡ್ಡ ಸಾಮಾನನ್ನು ಮಂಗಳೂರಿನಲ್ಲೇ ಕೊನೆಯ ಊರಿನವರೆಗೆ ಕಳುಹಿಸುವ ಅನುಕೂಲವಿತ್ತು. ಎರಡನೆಯ ಬೋರ್ಡಿಂಗ್ ಪಾಸನ್ನೂ ಅಲ್ಲೇ ಪಡೆದಿದ್ದೆ. ಬೇರೆ ಬೇರೆ ಟಿಕೆಟ್ಟುಗಳಾದರೆ ಸಾಮಾನನ್ನು ಬೆಂಗಳೂರಿನಲ್ಲಿ ಇಳಿಸಿಕೊಂಡು ಮತ್ತೆ ಒಪ್ಪಿಸಬೇಕಾಗುತ್ತದೆ. ವಿದೇಶದಿಂದ ಬಂದು ದೇಶದೊಳಗಿನ ವಿಮಾನ ಹಿಡಿಯುವವರಿಗೆ ವಲಸೆ ಮತ್ತು ಸುಂಕದ ತಪಾಸಣೆಗಳೂ ಇಲ್ಲೇ ಆಗುವುದರಿಂದ ಅವರು ಇನ್ನೂ ಒಂದು ಗಂಟೆಯನ್ನಾದರೂ ತೆಗೆದಿಡುವುದು ಲೇಸು.

ಹೋಗಿ ಬರುವುದಕ್ಕೆ, ಅಲ್ಲಿ ಕಾಯುವುದಕ್ಕೆ ಎಲ್ಲಕ್ಕೂ ಸೇರಿಸಿ ಒಂದೇ ಕಾರನ್ನು ಮಾತಾಡಿಕೊಂಡೆ. ಹೋಗಲು ಒಂದು, ಬರಲು ಇನ್ನೊಂದು ಎಂದರೆ ಸ್ವಲ್ಪ ಹಣ ಉಳಿದೀತು. ಆದರೆ ಹಳ್ಳಿಯಲ್ಲಿ ನಿಂತು ಮೊಬೈಲಿನಲ್ಲಿ ಕಾರು ಹುಡುಕುವ ಆತಂಕವಿದ್ದರೆ ನೋಡುವ ಮನಸ್ಸೇ ಇರುವುದಿಲ್ಲ. ಚಾಲಕರು ಅದೇ ಸೀಮೆಯವರು. ನನ್ನ ವಿಮಾನದ ಸಮಯ ಕೇಳಿದವರೇ, “ಬೆಟ್ಟ ಹತ್ತೋದು ಬೇಡ ಸಾರ್, ಕೆಳಗಡೆ ದೇವಸ್ಥಾನ ನಿಧಾನವಾಗಿ ನೋಡ್ಕೊಳಿ” ಎಂದರು. ನನ್ನ ಎಣಿಕೆಯೂ ಅದೇ ಆಗಿತ್ತು. ನಂದಿ ಬೆಟ್ಟದ ತಿರುವಿನ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿದರೆ ಇಳಿಯುವ ಹೊತ್ತು ನಮ್ಮ ಕೈಯಲ್ಲಿರುವುದಿಲ್ಲ. ಶನಿವಾರ, ಭಾನುವಾರಗಳಲ್ಲಿ ಆ ದಿಕ್ಕಿಗೇ ಹೋಗದಿರುವುದು ಒಳ್ಳೆಯದು. ಶಿವರಾತ್ರಿಯ ಜಾತ್ರೆಯ ದಿನಗಳಲ್ಲಂತೂ ಈ ಲೆಕ್ಕ ಯಾವುದೂ ನಡೆಯುವುದಿಲ್ಲ.

ಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರ ದೇವಾಲಯದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಎರಡು ಗಂಟೆಯ ಅವಧಿಗೆ ಇಷ್ಟು ಹೊಂದುವ ಜಾಗ ಆ ಸುತ್ತಿನಲ್ಲಿ ನನಗೆ ಇನ್ನೊಂದು ಕಂಡಿಲ್ಲ. ಇಲ್ಲಿಯ ಅತಿ ಹಳೆಯ ಶಾಸನ ಕ್ರಿ.ಶ. 806ರ ಕಾಲದ್ದು, ಅದರಲ್ಲಿ ನೊಳಂಬರ ಮತ್ತು ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದನ ಉಲ್ಲೇಖವಿದೆ. ಅಲ್ಲಿಂದ ಮುಂದೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಸೇರಿಸುತ್ತ ಹೋದದ್ದನ್ನು ಒಂದೇ ಪ್ರಾಕಾರದೊಳಗೆ ನಡೆಯುತ್ತಲೇ ಗುರುತಿಸಬಹುದು. ದಕ್ಷಿಣಕ್ಕೆ ಅರುಣಾಚಲೇಶ್ವರ, ಉತ್ತರಕ್ಕೆ ಭೋಗನಂದೀಶ್ವರ, ಇವೆರಡರ ನಡುವೆ ಉಮಾಮಹೇಶ್ವರ. ನಾನು ನೇರವಾಗಿ ಗರ್ಭಗುಡಿಗೆ ಹೋಗದೆ ಮೊದಲು ಹೊರಗೋಡೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ. ಭೋಗನಂದೀಶ್ವರನ ಗುಡಿಯ ದಕ್ಷಿಣ ಗೋಡೆಯ ಜಾಲಂಧ್ರದಲ್ಲಿ ಕುಣಿಯುವ ಶಿವನಿದ್ದಾನೆ, ಉತ್ತರದ್ದರಲ್ಲಿ ಮಹಿಷನ ತಲೆಯ ಮೇಲೆ ನಿಂತ ದುರ್ಗೆಯಿದ್ದಾಳೆ. ಕಲ್ಲನ್ನು ಕೊರೆದು ಗಾಳಿ ಬೆಳಕಿಗೆ ದಾರಿ ಮಾಡಿದ ಆ ಕಿಂಡಿಗಳಲ್ಲೇ ಮೂರ್ತಿಗಳನ್ನೂ ನಿಲ್ಲಿಸಿದ ಶಿಲ್ಪಿಯ ಯೋಚನೆ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ನಡುವಣ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳಲ್ಲಿ ಶಿವ-ಪಾರ್ವತಿ, ಬ್ರಹ್ಮ-ಸರಸ್ವತಿ, ವಿಷ್ಣು-ಲಕ್ಷ್ಮಿ, ಅಗ್ನಿ-ಸ್ವಾಹಾ ಹೀಗೆ ದಂಪತಿಗಳೇ ಇದ್ದಾರೆ. ಕೆಳಗಿನವನು ಭೋಗನಂದಿ, ಬೆಟ್ಟದ ಮೇಲಿನವನು ವಿರಕ್ತನಾದ ಯೋಗನಂದಿ ಎಂಬ ನಂಬಿಕೆಯನ್ನು ತಿಳಿದು ನೋಡಿದರೆ ಈ ಮದುವೆಯ ಮಂಟಪ ಇಲ್ಲೇ ಏಕಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಕೊನೆಗೆ ಶೃಂಗಿ ತೀರ್ಥವೆಂಬ ಮೆಟ್ಟಿಲುಗಳ ಕಲ್ಯಾಣಿಯ ಬಳಿ ಕುಳಿತೆ. ರಾತ್ರಿ ಪ್ರಯಾಣ ಮಾಡಿ ಬಂದವರಿಗೆ ಈ ಕುಳಿತುಕೊಳ್ಳುವ ಅರ್ಧ ಗಂಟೆಯೇ ಮುಖ್ಯ. ಅದನ್ನು ಇನ್ನೊಂದು ಜಾಗಕ್ಕಾಗಿ ಬಿಟ್ಟುಕೊಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹತ್ತಿರದ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು 1861ರಲ್ಲಿ ಹುಟ್ಟಿದ ಮನೆ ವಸ್ತುಸಂಗ್ರಹಾಲಯವಾಗಿದೆ, ಅವರ ಸಮಾಧಿಯೂ ಅಲ್ಲಿದೆ. ಒಂಬತ್ತು ಗಂಟೆಯ ಬಿಡುವಿದ್ದವರು ಅದನ್ನು ಸೇರಿಸಿಕೊಳ್ಳಬಹುದು.

ಊಟವನ್ನು ಚಾಲಕರು ತೋರಿಸಿದ ರಸ್ತೆಬದಿಯ ಹೋಟೆಲಿನಲ್ಲಿ ಬೇಗನೆ ಮುಗಿಸಿದೆ: ರಾಗಿ ಮುದ್ದೆ, ಬಸ್ಸಾರು. ಈ ಸೀಮೆಯ ದ್ರಾಕ್ಷಿ ಚೆನ್ನಾಗಿತ್ತು, ಒಂದು ಕಿಲೊ ಕಟ್ಟಿಸಿಕೊಂಡೆ. ಕೈಚೀಲದಲ್ಲಿ ಹಣ್ಣಿಗೆ ಅಡ್ಡಿಯಿಲ್ಲ. ಕೊಬ್ಬರಿಯನ್ನು ಮಾತ್ರ, ಅದರ ಎಣ್ಣೆಯಂಶ ಬೇಗ ಹೊತ್ತಿಕೊಳ್ಳುವುದರಿಂದ, ಬಿಡುವುದಿಲ್ಲ. ಬೆಂಕಿಪೊಟ್ಟಣಕ್ಕೂ ಅದೇ ನಿಯಮ. ದೇವಸ್ಥಾನದಿಂದ ಬರುವವರು ಚೀಲವನ್ನೊಮ್ಮೆ ನೋಡಿಕೊಳ್ಳಬೇಕು.

ಬೋರ್ಡಿಂಗ್ ಪಾಸು, ಗುರುತಿನ ಚೀಟಿ ಎರಡನ್ನೂ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದೆ, ಏಕೆಂದರೆ ಒಮ್ಮೆ ಹೊರಗೆ ಬಂದವರು ಬಾಗಿಲಿನ ತಪಾಸಣೆಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ದಾಟಬೇಕು. ಮುಂದಿನ ವಿಮಾನ ಯಾವ ಟರ್ಮಿನಲ್‌ನಿಂದ ಹೊರಡುತ್ತದೆ ಎಂಬುದನ್ನು ಚಾಲಕರಿಗೆ ಹೊರಡುವಾಗಲೇ ಹೇಳಿದ್ದರಿಂದ ಸರಿಯಾದ ಬಾಗಿಲಿಗೇ ತಂದು ಬಿಟ್ಟರು. ಬಿಡುವು ಐದು ಗಂಟೆಯಷ್ಟೇ ಇದ್ದರೆ ನಾನು ನಂದಿಯ ಬದಲು ದೇವನಹಳ್ಳಿ ಕೋಟೆಯನ್ನೂ ಅದರ ಹೊರಗಿರುವ ಟಿಪ್ಪುವಿನ ಜನ್ಮಸ್ಥಳವನ್ನೂ ನೋಡಿ ಹಿಂದಿರುಗುತ್ತೇನೆ. ನಾಲ್ಕಕ್ಕಿಂತ ಕಡಿಮೆಯಿದ್ದರೆ ನಿಲ್ದಾಣದಿಂದ ಹೊರಗೆ ಬರುವುದಿಲ್ಲ.